ಟ್ರೆಡ್‌ಮಿಲ್ಲೋ, ಡೊಬ್ಯುಟಮಿನ್ನೋ? ಸ್ಟ್ರೆಸ್ ಎಕೋಗೆ ಮುಂಚೆ

ಸ್ಟ್ರೆಸ್ ಎಕೋ ಅಂದರೆ ಹೃದಯದ ಬಡಿತ ಏರಿಸಿ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ಕ್ಯಾನ್‌ನಲ್ಲಿ ನೋಡುವ ಪರೀಕ್ಷೆ. ಅಪ್ಪ ಅಮ್ಮ ಚುರುಕಾಗಿ ನಡೆಯಬಲ್ಲರಾದರೆ ಟ್ರೆಡ್‌ಮಿಲ್ಲೇ ಸರಿ. ಔಷಧಿ ಬೇಡ, ಎಷ್ಟು ನಡೆದರೆ ಸುಸ್ತಾಗುತ್ತದೆ ಅನ್ನೋದೂ ತಿಳಿಯುತ್ತದೆ. ಸಡಿಲ ಬಟ್ಟೆ, ಜಾರದ ಶೂ ಸಾಕು.

ಮಂಡಿನೋವು ಇರುವವರಿಗೆ ಡೊಬ್ಯುಟಮಿನ್, ಅಂದರೆ ಬಡಿತ ಏರಿಸುವ ಔಷಧಿ. ಎಡಮಗ್ಗುಲಿಗೆ ಮಲಗಿಸಿ, ಕೈಯ ರಕ್ತನಾಳಕ್ಕೆ ಔಷಧಿ ಬಿಡುತ್ತಾರೆ. ಸಾಮಾನ್ಯವಾಗಿ 3 ನಿಮಿಷಕ್ಕೊಮ್ಮೆ ಪ್ರಮಾಣ ಏರಿಸುತ್ತಾರೆ. ಮಲಗಿದಲ್ಲೇ ಎದೆ ಡವಡವ ಅನ್ನುತ್ತದೆ, ಮೆಟ್ಟಿಲು ಓಡಿ ಹತ್ತಿದ ಹಾಗೆ. ಇದನ್ನು ಹಿಂದಿನ ದಿನವೇ ಹೇಳಿಬಿಡಿ, ಇಲ್ಲದಿದ್ರೆ ಪಾಪ, ಗಾಬರಿಯಾಗುತ್ತಾರೆ. ಔಷಧಿ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಬಡಿತ ಸಾಕಷ್ಟು ಏರದಿದ್ದರೆ ಅಟ್ರೋಪಿನ್ ಎಂಬ ಇನ್ನೊಂದು ಔಷಧಿ ಸೇರಿಸುವುದುಂಟು. ಹಾಗಾಗಿ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಪ್ರಾಸ್ಟೇಟ್ ತೊಂದರೆ ಇದ್ದರೆ ತಿಳಿಸಲೇಬೇಕು.

ಎರಡಕ್ಕೂ ಸುಮಾರು 4 ಗಂಟೆ ಖಾಲಿ ಹೊಟ್ಟೆ, ಕಾಫಿ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿ. ಮೆಟೊಪ್ರೊಲಾಲ್‌ನಂಥ ಬಿಪಿ, ಹೃದಯದ ಮಾತ್ರೆ ಬಡಿತ ಏರಲು ಬಿಡುವುದಿಲ್ಲ, ಆದರೂ ಸುಮ್ನೆ ನೀವೇ ನಿಲ್ಲಿಸಬೇಡಿ. ಡಾಕ್ಟರು ಹೇಳಲಿ.