ಸ್ಟಡಿ ಮೋಡ್ ಇರುವ ಎಐ ಚಾಟ್‌ಬಾಟ್: ಎಸ್ಸೆಸ್ಸೆಲ್ಸಿ, ಪಿಯು ಓದಿಗೆ ದೀರ್ಘ ಬಳಕೆಯ ವಿಮರ್ಶೆ

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಅದರಲ್ಲಿ ವಿದ್ಯಾರ್ಥಿಗಳಿಗೆಂದೇ ‘ಸ್ಟಡಿ ಮೋಡ್’ ಸೇರಿದ್ದು 2025ರ ಜುಲೈ ಕೊನೆಗೆ. ಮರುತಿಂಗಳೇ ಗೂಗಲ್‌ನ ಜೆಮಿನಿಯಲ್ಲಿ ‘ಗೈಡೆಡ್ ಲರ್ನಿಂಗ್’ ಬಂತು. ಎರಡೂ ಉಚಿತ ಖಾತೆಯಲ್ಲೇ ಸಿಗುತ್ತವೆ. ಲೆಕ್ಕ ಕೊಟ್ಟರೆ ಉತ್ತರವನ್ನು ನೇರವಾಗಿ ಹೇಳದೆ, ‘ಮೊದಲ ಹೆಜ್ಜೆ ಏನಿರಬಹುದು?’ ಎಂದು ಕೇಳಿ, ಸುಳಿವು ಕೊಡುತ್ತಾ ನಡೆಸುವುದು ಇವುಗಳ ರೀತಿ. ಈ ವಿಮರ್ಶೆ ಒಂದು ಕಂಪನಿಯ ಬಾಟ್ ಬಗ್ಗೆ ಅಲ್ಲ, ಈ ಬಗೆಯ ಸಾಧನದ ಬಗ್ಗೆ. ಹತ್ತನೇ ತರಗತಿ ಮತ್ತು ಪಿಯು ಓದಿನಲ್ಲಿ ಇದನ್ನು ತಿಂಗಳುಗಟ್ಟಲೆ ಬಳಸಿದರೆ ಏನು ಉಪಯೋಗಕ್ಕೆ ಉಳಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ತಾನಾಗಿ ಬರೆದ ಉತ್ತರವನ್ನು ತಿದ್ದಿಸಲು ಇದು ಬಹಳ ಒಳ್ಳೆಯದು. ಉತ್ತರ ಕೇಳಿ ಪಡೆಯಲು ಬಳಸಿದರೆ ಓದೇ ಕೆಡುತ್ತದೆ. ಮೋಡ್ ಆನ್ ಮಾಡಿದ ಮಾತ್ರಕ್ಕೆ ಮೊದಲನೆಯದು ತಾನಾಗಿ ಆಗುವುದಿಲ್ಲ.

ಕಾರಣ ಸರಳ. ಆ ಮೋಡ್‌ನಿಂದ ಹೊರಬರಲು ಒಂದು ಬೆರಳು ಸಾಕು. ಮೋಡ್ ಒಳಗೇ ಇದ್ದರೂ, ‘ಗೊತ್ತಾಗ್ತಿಲ್ಲ, ನೀನೇ ಹೇಳು’ ಎಂದು ಎರಡು ಮೂರು ಸಲ ಬರೆದರೆ ಸುಳಿವುಗಳು ದೊಡ್ಡದಾಗುತ್ತಾ ಹೋಗಿ, ಕೊನೆಗೆ ಪೂರ್ತಿ ಪರಿಹಾರವೇ ಪರದೆಗೆ ಬರುತ್ತದೆ. ಒಂದೇ ಚಾಟ್ ಉದ್ದವಾದಷ್ಟೂ ‘ಉತ್ತರ ಹೇಳಬೇಡ’ ಎಂಬಂಥ, ಮೊದಲಿಗೆ ಹಾಕಿದ ಷರತ್ತುಗಳು ಸಡಿಲವಾಗುತ್ತವೆ. ಆದ್ದರಿಂದ ಅಧ್ಯಾಯಕ್ಕೊಂದು ಹೊಸ ಚಾಟ್ ತೆರೆದು, ಷರತ್ತನ್ನು ಪ್ರತಿ ಸಲವೂ ಮೊದಲಿಂದ ಬರೆಯುವುದು ಒಳ್ಳೆಯದು.

ಇಲ್ಲಿ ಟರ್ಕಿಯಲ್ಲಿ ನಡೆದ ಒಂದು ಪ್ರಯೋಗವನ್ನು ಪೋಷಕರೂ ಮೇಷ್ಟ್ರುಗಳೂ ತಿಳಿದಿರಬೇಕು. ಪ್ರೌಢಶಾಲೆಯ ಸುಮಾರು ಒಂದು ಸಾವಿರ ಮಕ್ಕಳನ್ನು ಮೂರು ಗುಂಪು ಮಾಡಿ ಗಣಿತ ಅಭ್ಯಾಸ ಮಾಡಿಸಿದರು. ಒಂದು ಗುಂಪಿಗೆ ಸಾಮಾನ್ಯ ಜಿಪಿಟಿ-4 (ಚಾಟ್‌ಜಿಪಿಟಿಯ ಹಿಂದಿದ್ದ ಆಗಿನ ಎಐ ಮಾದರಿ), ಇನ್ನೊಂದಕ್ಕೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಜಿಪಿಟಿ-4, ಮೂರನೆಯದಕ್ಕೆ ಪುಸ್ತಕ, ನೋಟ್ಸ್ ಮಾತ್ರ. ಅಭ್ಯಾಸದ ಹೊತ್ತಿಗೆ ಪುಸ್ತಕದ ಗುಂಪಿಗಿಂತ ಮೊದಲ ಗುಂಪಿನ ಅಂಕ ಶೇ 48ರಷ್ಟು, ಎರಡನೆಯದು ಶೇ 127ರಷ್ಟು ಹೆಚ್ಚಿತ್ತು. ಬಾಟ್ ತೆಗೆದು ಪರೀಕ್ಷೆ ಕೊಟ್ಟಾಗ ಸಾಮಾನ್ಯ ಜಿಪಿಟಿಯ ಮಕ್ಕಳು ಪುಸ್ತಕದ ಗುಂಪಿಗಿಂತ ಶೇ 17ರಷ್ಟು ಕೆಳಗಿಳಿದರು. ಸುಳಿವಿನ ಗುಂಪಿಗೆ ಈ ಹಾನಿ ಬಹುಮಟ್ಟಿಗೆ ತಪ್ಪಿತು, ಆದರೆ ಪುಸ್ತಕದ ಗುಂಪನ್ನು ಮೀರಿಸುವಂಥ ಲಾಭವೂ ಆಗಲಿಲ್ಲ. ಹೋಂವರ್ಕ್ ಚೆನ್ನಾಗಿ ಬರುತ್ತಿದೆ ಎಂಬುದು ಕಲಿತ ಗುರುತಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅಳತೆ ನಾನು ಕಂಡಿಲ್ಲ.

ಆ ಪ್ರಯೋಗದಲ್ಲಿ ಹೆಚ್ಚು ಚರ್ಚೆಯಾಗದ, ಆದರೆ ನಮಗೆ ನೇರವಾಗಿ ಬಳಕೆಗೆ ಬರುವ ಒಂದು ವಿವರವಿದೆ. ಸುಳಿವಿನ ಬಾಟ್‌ಗೆ ಶಿಕ್ಷಕರು ಪ್ರತಿ ಲೆಕ್ಕದ ಸರಿ ಉತ್ತರವನ್ನೂ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೂ ಮೊದಲೇ ಕೊಟ್ಟಿದ್ದರು. ಸಾಮಾನ್ಯ ಬಾಟ್ ಹೆಚ್ಚುಕಡಿಮೆ ಅರ್ಧದಷ್ಟು ಸಲ ತಾನೇ ತಪ್ಪು ಮಾಡಿತ್ತು. ಈಗಿನ ಬಾಟ್‌ಗಳು ಲೆಕ್ಕದಲ್ಲಿ ಆಗಿನದಕ್ಕಿಂತ ಎಷ್ಟೋ ಚುರುಕು, ಆದರೂ ಈ ಉಪಾಯವನ್ನು ಬಿಡಬಾರದು. ಪಠ್ಯಪುಸ್ತಕದ ಹಿಂದಿರುವ ಉತ್ತರವನ್ನೋ ಮೇಷ್ಟ್ರು ಬೋರ್ಡಿನಲ್ಲಿ ಬಿಡಿಸಿದ ಕ್ರಮವನ್ನೋ ಮೊದಲು ಟೈಪ್ ಮಾಡಿ, ‘ಇದು ಸರಿ ಉತ್ತರ. ಇದನ್ನು ನನಗೆ ತೋರಿಸಬೇಡ. ನನ್ನ ಉತ್ತರವನ್ನು ಇದರ ಜೊತೆ ಹೋಲಿಸು’ ಎಂದು ಹೇಳಿದರೆ ಬಾಟ್ ದಾರಿ ತಪ್ಪುವುದು ತೀರಾ ಕಡಿಮೆಯಾಗುತ್ತದೆ. ಈ ಭಾಗವನ್ನು ಅಣ್ಣನೋ ಅಕ್ಕನೋ ಅಪ್ಪ ಅಮ್ಮನೋ ಟೈಪ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು, ಉತ್ತರ ಮಗುವಿನ ಕಣ್ಣಿಗೆ ಬೀಳುವುದಿಲ್ಲ.

ಕೊನೆಗೂ ಉಪಯೋಗಕ್ಕೆ ಉಳಿದ ಬಳಕೆಯ ಕ್ರಮ ಹೀಗಿದೆ. ಮೊದಲು ಫೋನ್ ಬೇರೆ ಕೋಣೆಯಲ್ಲಿರಲಿ. ಲೆಕ್ಕವನ್ನು ಹಾಳೆಯ ಮೇಲೆ ಹತ್ತು ಹದಿನೈದು ನಿಮಿಷ ಒದ್ದಾಡಿ ಬಿಡಿಸಬೇಕು. ಬರದಿದ್ದರೂ, ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಒಂದು ಸಾಲು ಬರೆಯಬೇಕು. ಆಮೇಲೆ ಹಾಳೆಯ ಫೋಟೊ ಹಾಕಿ, ‘ತಪ್ಪು ಯಾವ ಸಾಲಿನಲ್ಲಿದೆ ಎಂದು ಮಾತ್ರ ಹೇಳು, ಸರಿ ಮಾಡಬೇಡ’ ಎಂದು ಕೇಳಬೇಕು. ತಪ್ಪು ಗೊತ್ತಾದ ಮೇಲೆ ಚಾಟ್ ಮುಚ್ಚಿ, ಹೊಸ ಹಾಳೆಯಲ್ಲಿ ಮೊದಲಿಂದ ಬಿಡಿಸಬೇಕು. ಮರುದಿನ ಅದೇ ಜಾತಿಯ ಇನ್ನೊಂದು ಲೆಕ್ಕ, ಫೋನ್ ಇಲ್ಲದೆ. ಈ ಕೊನೆಯ ಹೆಜ್ಜೆಯನ್ನೇ ಎಲ್ಲರೂ ಬಿಡುವುದು, ಫಲ ಇರುವುದೂ ಅಲ್ಲೇ. ನೆನಪಿನಿಂದ ಹೊರತೆಗೆದು ಬರೆಯುವ ಕೆಲಸವೇ ನೆನಪನ್ನು ಗಟ್ಟಿ ಮಾಡುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ ಕೇಳಿದಾಗ ನೋಡದೆ ಬರೆದು ಅಭ್ಯಾಸ ಮಾಡಿದವರು ಮುಂದಿದ್ದರು. ಬಾಟ್‌ನ ವಿವರಣೆ ಓದಿದಾಗ ‘ಹಾಂ, ಅರ್ಥವಾಯಿತು’ ಅನ್ನಿಸುವುದು ಆ ಐದು ನಿಮಿಷದ ಅರಿವು. ಪಿಯು ನಂತರದ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ಅಲ್ಲಿ ಬೇಕಾಗುವುದು ವಾರ, ತಿಂಗಳು ಕಳೆದರೂ ಉಳಿದಿರುವ ಅರಿವು.

ಬಾಟ್ ಎಲ್ಲಿ ತಪ್ಪುತ್ತದೆ ಎನ್ನುವುದಕ್ಕೆ ಬೆಳಕಿನ ಅಧ್ಯಾಯ ಒಳ್ಳೆಯ ಉದಾಹರಣೆ. ನಮ್ಮ ಹತ್ತನೇ ತರಗತಿಯ ವಿಜ್ಞಾನ ಎನ್‌ಸಿಇಆರ್‌ಟಿ ಪಠ್ಯದ್ದು. ಅಲ್ಲಿ ಮಸೂರದ ಸೂತ್ರ 1/ವಿ − 1/ಯು = 1/ಎಫ್, ಇಲ್ಲಿ ವಿ ಪ್ರತಿಬಿಂಬದ ದೂರ, ಯು ವಸ್ತುವಿನ ದೂರ, ಎಫ್ ಸಂಗಮದೂರ; ವಸ್ತುವಿನ ದೂರ ಋಣ. ಬಾಟ್ ಓದಿಕೊಂಡಿರುವ ಸಾಮಗ್ರಿಯಲ್ಲಿ ಬೇರೆ ದೇಶಗಳ ಪುಸ್ತಕಗಳ ಬೇರೆ ಚಿಹ್ನೆ ಪದ್ಧತಿಯೂ ಇದೆ, ಅಲ್ಲಿ ಅದೇ ಸೂತ್ರ ಕೂಡುವ ಚಿಹ್ನೆಯೊಡನೆ ಬರುತ್ತದೆ. ಎರಡೂ ಬೆರೆತರೆ ಲೆಕ್ಕ ಹಾಳು. ಸಂಗಮದೂರ 10 ಸೆಂ.ಮೀ. ಇರುವ ಪೀನ ಮಸೂರದಿಂದ 15 ಸೆಂ.ಮೀ. ದೂರದಲ್ಲಿ ವಸ್ತು ಇದೆ ಎನ್ನಿ. ಪಠ್ಯದ ಕ್ರಮದಲ್ಲಿ 1/ವಿ = 1/10 − 1/15 = 1/30, ಅಂದರೆ ಪ್ರತಿಬಿಂಬ 30 ಸೆಂ.ಮೀ. ದೂರದಲ್ಲಿ, ವರ್ಧನೆ −2. ಕೂಡುವ ಸೂತ್ರಕ್ಕೆ ಋಣ ದೂರವನ್ನು ತುಂಬಿದರೆ 1/10 + 1/15 = 1/6, ಉತ್ತರ 6 ಸೆಂ.ಮೀ. ಎಲ್ಲ ಹೆಜ್ಜೆಗಳೂ ಅಚ್ಚುಕಟ್ಟಾಗಿ ಕಾಣುತ್ತವೆ, ಭಾಷೆಯಲ್ಲಿ ಅನುಮಾನದ ಸುಳಿವೂ ಇರುವುದಿಲ್ಲ. ಕಿರಣಚಿತ್ರ ಬರೆದು ಕಲಿತ ಮಗುವಿಗೆ ಮಾತ್ರ ಗೊತ್ತಾಗುತ್ತದೆ: ವಸ್ತು ಸಂಗಮದೂರಕ್ಕೂ ಅದರ ಎರಡರಷ್ಟಕ್ಕೂ ನಡುವೆ ಇದ್ದರೆ ಪ್ರತಿಬಿಂಬ 20 ಸೆಂ.ಮೀ.ಗಿಂತ ಆಚೆಯೇ ಬೀಳಬೇಕು, 6 ಬರಲು ಸಾಧ್ಯವೇ ಇಲ್ಲ. ಬಾಟ್‌ನ ತಪ್ಪನ್ನು ಹಿಡಿಯಲು ಬೇಕಾದ ತಿಳಿವಳಿಕೆಯನ್ನು ಬಾಟ್ ಇಲ್ಲದೆಯೇ ಕಲಿತಿರಬೇಕು. ಇದು ಈ ಸಾಧನದ ಅತಿದೊಡ್ಡ ಮಿತಿ. ಸದ್ಯಕ್ಕೆ ಚಾಟ್‌ನ ಮೊದಲ ಸಾಲಿನಲ್ಲೇ ‘ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಚಿಹ್ನೆ ಪದ್ಧತಿಯನ್ನೇ ಬಳಸು’ ಎಂದು ಬರೆದು, ಸೂತ್ರವನ್ನೂ ಹಾಕಿಬಿಡಿ.

ಕನ್ನಡ ಮಾಧ್ಯಮದವರಿಗೆ ಇನ್ನೂ ಕೆಲವು ತೊಡಕುಗಳಿವೆ. ವಿವರಣೆಯ ಕನ್ನಡ ಈಗ ಓದುವಂತಿದೆ, ಆದರೆ ಪಾರಿಭಾಷಿಕ ಪದಗಳು ಪಠ್ಯದವೇ ಆಗಿರುತ್ತವೆ ಎಂಬ ಭರವಸೆಯಿಲ್ಲ. ಅಧ್ಯಾಯದ ಮುಖ್ಯ ಪದಗಳ ಪಟ್ಟಿ ಮಾಡಿ ಕೊಟ್ಟು ‘ಇವನ್ನೇ ಬಳಸು’ ಎನ್ನುವುದೇ ದಾರಿ. ಎರಡನೆಯದು ಪಿಡಿಎಫ್. ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ ನಿಜ, ಆದರೆ ಕನ್ನಡದ ಎಷ್ಟೋ ಪಿಡಿಎಫ್‌ಗಳು ನುಡಿಯಂಥ ಹಳೆಯ ಫಾಂಟ್‌ನಲ್ಲಿ ಮಾಡಿದವು, ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಇಂಥ ಫೈಲನ್ನು ಬಾಟ್‌ಗೋ, ಹಾಕಿದ ಫೈಲ್ ಓದಿ ಉತ್ತರಿಸುವ ಗೂಗಲ್‌ನ ನೋಟ್‌ಬುಕ್‌ಎಲ್‌ಎಂಗೋ ಹಾಕಿದರೆ, ಪುಸ್ತಕ ಓದಲಾಗದೆ ತನ್ನ ಊಹೆಯಿಂದ ಉತ್ತರ ಹೊಸೆಯುವ ಅಪಾಯವಿದೆ. ಪರೀಕ್ಷಿಸುವುದು ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಸರಿ. ಇಂಗ್ಲಿಷ್ ಅಕ್ಷರಗಳ ಕಲಸು ಬಂದರೆ, ಬೇಕಾದ ಪುಟದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಯೂನಿಕೋಡ್ ಪಠ್ಯ ಸಿಗುತ್ತದೆ. ಒತ್ತಕ್ಷರ, ಅರ್ಕಾವೊತ್ತು, ಸೂತ್ರಗಳ ಮೇಲಿನ ಕೆಳಗಿನ ಅಂಕಿಗಳನ್ನು ಕೈಯಾರೆ ತಿದ್ದಿಕೊಳ್ಳಬೇಕು.

ಛಂದಸ್ಸಿಗಂತೂ ಬಾಟ್ ಬೇಡವೇ ಬೇಡ. ಅದು ಪದಗಳನ್ನು ಅಕ್ಷರವಾಗಿ ನೋಡುವುದಿಲ್ಲ, ತುಣುಕುಗಳಾಗಿ ನೋಡುತ್ತದೆ. ಹಾಗಾಗಿ ಮಾತ್ರೆ ಎಣಿಸುವಲ್ಲಿ ಸುಲಭವಾಗಿ ಎಡವುತ್ತದೆ. ‘ಕತ್ತಲೆ’ಯಲ್ಲಿ ಒತ್ತಕ್ಷರದ ಹಿಂದಿನ ‘ಕ’ ಗುರು, ಒಟ್ಟು ನಾಲ್ಕು ಮಾತ್ರೆ. ಮೂರು ಅಕ್ಷರಕ್ಕೆ ಮೂರು ಮಾತ್ರೆ ಎಂದು ಎಣಿಸಿದರೆ ಸಾಲೇ ಕೆಟ್ಟಿತು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 14 ಮಾತ್ರೆ, ಮೂರು ಮತ್ತು ಆರನೇ ಸಾಲುಗಳಲ್ಲಿ 23 ಮಾತ್ರೆ ಇರುತ್ತದೆ ಎಂಬ ಲಕ್ಷಣವನ್ನು ಅದು ಸರಿಯಾಗಿ ಹೇಳೀತು. ಪ್ರಸ್ತಾರ ಹಾಕಲು, ಅಂದರೆ ಗುರು ಲಘು ಗುರುತಿಸಲು ಕೊಟ್ಟರೆ, ಲೆಕ್ಕ ಹೊಂದಲೆಂದು ಲಘುವನ್ನು ಗುರು ಮಾಡಿಯೂ 14ಕ್ಕೆ ತಂದು ನಿಲ್ಲಿಸೀತು. ಪೆನ್ಸಿಲ್ ಹಿಡಿದು ಹಾಕುವುದೇ ಬೇಗ.

ಸಮಾಜ ವಿಜ್ಞಾನ, ಪ್ರಬಂಧ, ಪತ್ರಲೇಖನಗಳಲ್ಲಿ ಅಪಾಯ ಬೇರೆ ಬಗೆಯದು. ಅಲ್ಲಿ ಉತ್ತರ ತಪ್ಪಾಗುವುದಕ್ಕಿಂತ, ಎಲ್ಲರದೂ ಒಂದೇ ಆಗುತ್ತದೆ. ಯೋಚನೆ ಹುಟ್ಟುವುದು ಮೊದಲ ಕರಡು ಬರೆಯುವಾಗ, ಆ ಕರಡನ್ನೇ ಬಾಟ್ ಬರೆದರೆ ಮಗುವಿಗೆ ಉಳಿಯುವುದು ನಕಲು ಕೆಲಸ ಮಾತ್ರ. ಇಲ್ಲಿ ಒಳ್ಳೆಯ ಬಳಕೆ ತಿರುವುಮುರುವು: ಮಗು ಬರೆದ ಪ್ಯಾರಾ ಕೊಟ್ಟು ‘ಇದನ್ನು ಒಪ್ಪದವರು ಕೇಳಬಹುದಾದ ಮೂರು ಪ್ರಶ್ನೆ ಕೇಳು, ನನ್ನ ವಾಕ್ಯ ಮುಟ್ಟಬೇಡ’ ಎನ್ನುವುದು. ಪ್ರಶ್ನೆ ಕೇಳುವುದರಲ್ಲಿ ಬಾಟ್ ನಿಜಕ್ಕೂ ಚುರುಕು, ಬೇಸರವೂ ಮಾಡಿಕೊಳ್ಳುವುದಿಲ್ಲ.

ಶಿಕ್ಷಕರಿಗೆ ಒಂದು ಮಾತು. ಎಐ ಬರೆದದ್ದನ್ನು ಹಿಡಿಯುವ ಸಾಫ್ಟ್‌ವೇರ್ ನಂಬಿ ಯಾವ ಮಗುವಿಗೂ ಕಳ್ಳನ ಪಟ್ಟ ಕಟ್ಟಬೇಡಿ. ಓಪನ್‌ಎಐ ತಾನೇ ಮಾಡಿದ ಪತ್ತೆ ಸಾಧನ, ಎಐ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸಿ, ಮನುಷ್ಯರ ಬರಹದಲ್ಲಿ ಶೇ 9ರಷ್ಟನ್ನು ಎಐನದೆಂದು ತಪ್ಪಾಗಿ ಹೇಳುತ್ತಿತ್ತು. 2023ರ ಜುಲೈನಲ್ಲಿ ಅದನ್ನು ನಿಲ್ಲಿಸಿದರು. ಅನುಮಾನ ಬಂದರೆ ಮಗುವನ್ನು ಪಕ್ಕಕ್ಕೆ ಕರೆದು, ‘ಈ ಎರಡನೇ ಪ್ಯಾರಾ ಯಾಕೆ ಬರೆದೆ, ನಿನ್ನ ಮಾತಲ್ಲಿ ಹೇಳು’ ಎಂದು ಎರಡು ನಿಮಿಷ ಕೇಳಿ. ಬರೆದವರು ಹೇಳುತ್ತಾರೆ.

ಖರ್ಚು, ಖಾತೆ: ಈ ಕ್ರಮದ ಓದಿಗೆ ಉಚಿತ ಖಾತೆ ಸಾಕು, ದುಡ್ಡಿನ ಪ್ಲಾನ್ ಬೇಕಿಲ್ಲ. ಚಾಟ್‌ಜಿಪಿಟಿಗೆ ಕನಿಷ್ಠ 13 ವರ್ಷ ಆಗಿರಬೇಕು, 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್‌ಗೆ ಹೋಗಿ, ಚಾಟ್‌ಗಳನ್ನು ಮಾಡೆಲ್ ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿ. ಹಾಳೆಯ ಫೋಟೊ ತೆಗೆಯುವಾಗ ಹೆಸರು, ಶಾಲೆ, ನೋಂದಣಿ ಸಂಖ್ಯೆ ಚೌಕಟ್ಟಿನಿಂದ ಹೊರಗಿರಲಿ. ಓರೆಯಾದ, ನೆರಳು ಬಿದ್ದ ಫೋಟೊದಲ್ಲಿ ಋಣ ಚಿಹ್ನೆ ಮತ್ತು ಘಾತಾಂಕ ಮೊದಲು ಕಾಣೆಯಾಗುತ್ತವೆ. ಹಾಗಾಗಿ ತಪ್ಪು ಹುಡುಕಲು ಹೇಳುವ ಮುನ್ನ, ‘ನೀನು ಓದಿದ ಲೆಕ್ಕವನ್ನು ಹಾಗೇ ಮರಳಿ ಬರೆ’ ಎಂದು ಒಮ್ಮೆ ಕೇಳಿ, ಹಾಳೆಯೊಂದಿಗೆ ಹೋಲಿಸಿಕೊಳ್ಳಿ.