ನನ್ನ ಜಿಮ್‌ಗೆ ತಂದ ರಬ್ಬರ್ ಟೈಲ್ಸ್: ಬೆಂಕಿ ರೇಟಿಂಗ್ ನೋಡಿಯೇ ತಗೊಂಡೆ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಹೆಂಗಸರ ಜಿಮ್ ಇದೆ. ಮೊದಲನೇ ಮಹಡಿ, ಇಳಿಯಲು ಮೆಟ್ಟಿಲು ಒಂದೇ ಕಡೆ. ಬೆಳಗಿನ ಬ್ಯಾಚಿನವರು ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಹಾಗಾಗಿ ನೆಲಕ್ಕೆ ರಬ್ಬರ್ ಹಾಕಿಸುವಾಗ ನನಗೆ ಬೆಂಕಿಯದೇ ಚಿಂತೆ. ನಮ್ಮಜ್ಜನ ತಾಲೀಮಿನಲ್ಲಿ ಕೆಂಪು ಮಣ್ಣಿತ್ತು, ಅದಕ್ಕೆ ಬೆಂಕಿಯ ಭಯ ಇರಲಿಲ್ಲ. ಜಿಮ್ ಟೈಲ್ ಹಾಗಲ್ಲ. ಹಳೇ ಟೈರಿನ ಚೂರನ್ನು ಪಾಲಿಯುರೆಥೇನ್ ಅಂಟಿನಲ್ಲಿ ಕಲಸಿ ಒತ್ತಿರುತ್ತಾರೆ. ಟೈರ್ ಸುಟ್ಟರೆ ಎಂಥಾ ಕಪ್ಪು ಹೊಗೆ ಬರುತ್ತೆ ಅಂತ ಎಲ್ಲರೂ ನೋಡಿದ್ದೇವೆ, ಅಲ್ವಾ?

ಮೊದಲು ಹೋದ ಅಂಗಡಿಯವರು ಒಂದು ತುಂಡಿಗೆ ಲೈಟರ್ ಹಿಡಿದರು. ಹತ್ತಲಿಲ್ಲ. "ಫೈರ್‌ಪ್ರೂಫ್ ಐತ್ರಿ ಅಕ್ಕಾರ, ಏನೂ ಆಗಂಗಿಲ್ಲ" ಅಂದರು. ಕಾಗದ ಕೇಳಿದರೆ ಜರ್ಮನಿಯ ಬೆಂಕಿ ಪರೀಕ್ಷೆಯ ಮಾನದಂಡ ಡಿಐಎನ್ 4102 ಪ್ರಕಾರ 'ಬಿ2' ಅನ್ನೋ ಹಾಳೆ ಕೊಟ್ಟರು. ಬಿ2 ಅಂದರೆ ಸಾಮಾನ್ಯವಾಗಿ ಉರಿಯುವ ವಸ್ತು! ಸುಲಭವಾಗಿ ಹತ್ತದ್ದು ಬಿ1. ಬೇಜಾರಾಗಿ ಎದ್ದು ಬಂದೆ. ಇನ್ನೊಬ್ಬರು ಭಾರತೀಯ ಮಾನದಂಡ ಐಎಸ್ 15652ರ ಮ್ಯಾಟ್ ತೋರಿಸಿದರು. ಅದು ಕರೆಂಟ್ ಪ್ಯಾನೆಲ್ ಮುಂದೆ ಶಾಕ್ ಹೊಡೆಯದಂತೆ ಹಾಸೋದು, ಜಿಮ್ ನೆಲಕ್ಕಲ್ಲ.

ಲೈಟರ್ ನಂಬಬೇಡಿ. ದಪ್ಪ ರಬ್ಬರಿಗೆ ಸಣ್ಣ ಉರಿ ಬೇಗ ಹತ್ತಲ್ಲ. ಪಕ್ಕದಲ್ಲಿ ಪರದೆ, ಕುರ್ಚಿ ಉರಿದು ನೆಲ ಕಾದಾಗ ಏನಾಗುತ್ತೆ ಅನ್ನೋದೇ ಮುಖ್ಯ. ಲ್ಯಾಬಿನಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಉದ್ದದ ತುಂಡನ್ನು ಮಲಗಿಸಿ, ಮೇಲೆ ಓರೆಯಾಗಿಟ್ಟ ಗ್ಯಾಸ್ ಪ್ಯಾನೆಲ್‌ನಿಂದ ಕಾಯಿಸುತ್ತಾರೆ. ಒಂದು ತುದಿಗೆ ಶಾಖ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಬಿಸಿ ತುದಿಗೆ ಬೆಂಕಿ ಕೊಟ್ಟು, ಉರಿ ಎಲ್ಲಿವರೆಗೆ ಹೋಗಿ ನಿಂತಿತು ಅಂತ ನೋಡುತ್ತಾರೆ. ನಿಂತ ಜಾಗದಲ್ಲಿ ಎಷ್ಟು ಶಾಖ ಇತ್ತೋ ಅದೇ ಅಂಕಿ, ದೊಡ್ಡದಿದ್ದಷ್ಟೂ ಒಳ್ಳೇದು. ಯುರೋಪಿನ ಮಾನದಂಡ ಇಎನ್ 13501-1ರಲ್ಲಿ ಚದರ ಮೀಟರಿಗೆ ಕನಿಷ್ಠ 8 ಕಿಲೋವ್ಯಾಟ್ ಇದ್ದರೆ 'ಬಿಎಫ್‌ಎಲ್', 4.5 ಇದ್ದರೆ 'ಸಿಎಫ್‌ಎಲ್', 3 ಇದ್ದರೆ 'ಡಿಎಫ್‌ಎಲ್'. 'ಇಎಫ್‌ಎಲ್'ಗೆ 15 ಸೆಕೆಂಡ್ ಸಣ್ಣ ಉರಿಯ ಪರೀಕ್ಷೆ ಪಾಸಾದರೆ ಸಾಕು. ಅಂಗಡಿಯಲ್ಲಿ ಲೈಟರ್ ಹಿಡಿದಿದ್ದು ಹೆಚ್ಚುಕಡಿಮೆ ಅಷ್ಟೇ. ಕೊನೆಗೆ ಬರುವ 'ಎಸ್1', 'ಎಸ್2' ಹೊಗೆಯ ಗುರುತು. ಎಸ್1 ಅಂದರೆ ಹೊಗೆ ಕಡಿಮೆ. ಒಂದೇ ಮೆಟ್ಟಿಲಿರುವ ನನಗೆ ಇದೇ ದೊಡ್ಡದು.

ಕೊನೆಗೆ ಉದ್ಯಮಬಾಗ ಕಡೆಯ ಒಬ್ಬ ಡೀಲರ್ ಹತ್ತಿರ ತಗೊಂಡೆ. ಅವರೂ ಮೊದಲು 8 ಮಿಲಿಮೀಟರ್ ರೋಲಿನ ರಿಪೋರ್ಟ್ ಕೊಟ್ಟಿದ್ದರು. ನಾನು ಕೊಳ್ಳುತ್ತಿದ್ದದ್ದು 15 ಮಿಲಿಮೀಟರ್ ಟೈಲ್. ದಪ್ಪ ಬದಲಾದರೆ, ಅಂಟಿಸಿದ್ದನ್ನು ಸುಮ್ನೆ ಹಾಸಿದರೆ ಫಲಿತಾಂಶವೂ ಬದಲಾಗಬಹುದು. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳದೆ ಕಂಪನಿಗೆ ಫೋನ್ ಮಾಡಿ, ಎರಡು ವಾರದಲ್ಲಿ ಸರಿಯಾದದ್ದನ್ನು ತರಿಸಿದರು. ಸಿಎಫ್‌ಎಲ್-ಎಸ್1, 15 ಮಿಲಿಮೀಟರ್, ಅಂಟಿಸಿ ಪರೀಕ್ಷಿಸಿದ್ದು. ನಾನೂ ಅದೇ ಅಂಟು ಹಾಕಿಸಿದೆ. ರೇಟು ಸ್ವಲ್ಪ ಜಾಸ್ತಿ ಆಯಿತು, ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಹಾಕಿಸಿ ಎಂಟು ತಿಂಗಳಾಯಿತು. ಸಂದು ಬಿಟ್ಟಿಲ್ಲ, ಡಂಬೆಲ್ ಬಿದ್ದರೂ ಕೆಳಗಿನ ಅಂಗಡಿಯವರ ದೂರಿಲ್ಲ. ಮೊದಲ ಮೂರು ವಾರ ವಾಸನೆ ಜೋರಾಗಿತ್ತು, ಒರೆಸಿದರೆ ಕಪ್ಪು ಪುಡಿ ಬರುತ್ತಿತ್ತು. ಆಗ ಕಿಟಕಿ ತೆಗೆದೇ ಇಡಬೇಕಾಯಿತು.

ಮೆಟ್ಟಿಲಿಗೂ ಇದನ್ನೇ ಹಾಕೋಣ ಅಂತ ಡೀಲರ್ ಅಂದರು. ಬೇಡ ಅಂದೆ. ಅಲ್ಲಿ ಹಳೇ ಶಹಾಬಾದಿ ಫರ್ಸಿಯನ್ನೇ ಉಳಿಸಿಕೊಂಡಿದ್ದೇನೆ.