ಹೇರ್‌ಬೆಲ್ ಅಂತ ಸಸಿ ಕೊಟ್ಟರೆ ಮೊದಲು ಎಲೆ ನೋಡಿ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ, ಎಡ್ಮಂಟನ್ ಕಡೆ ಹಿತ್ತಲಲ್ಲಿ ಹೂ ಬೆಳೆಸುವ ಕನ್ನಡಿಗರು ದಯವಿಟ್ಟು ಓದಿ. ವಾರಾಂತ್ಯದ ಸಸಿ ಮಾರಾಟವೊಂದರಲ್ಲಿ ‘ಹೇರ್‌ಬೆಲ್, ಇಲ್ಲಿನದೇ ಕಾಡುಹೂ’ ಎಂಬ ಚೀಟಿ ಹಚ್ಚಿದ ಕುಂಡಗಳನ್ನು ನಮಗೆ ಮಾರಿದರು. ಒಳಗಿದ್ದದ್ದು ಕ್ರೀಪಿಂಗ್ ಬೆಲ್‌ಫ್ಲವರ್ ಎಂಬ ಹಬ್ಬುವ ಕಳೆ. ಮೊದಲ ಬೇಸಿಗೆ ಬರೀ ಎಲೆ. ಮರುವರ್ಷ ಸೊಂಟದೆತ್ತರ ಬೆಳೆದು ನೇರಳೆ ಹೂ ಬಿಟ್ಟಿತು. ಆಮೇಲೆ ಹುಲ್ಲುಹಾಸಿಗೆ ನುಗ್ಗಿತು, ಪಿಯೋನಿ ಹೂಗಿಡದ ಬುಡದಲ್ಲೇ ಎದ್ದಿತು, ಬೇಲಿಯಡಿ ನುಸುಳಿ ಪಕ್ಕದವರ ರಾಸ್ಪ್‌ಬೆರಿ ಸಾಲನ್ನೂ ಹಿಡಿಯಿತು. ಅವರು ವರ್ಷಾನುಗಟ್ಟಲೆ ಆರೈಕೆ ಮಾಡಿದ ಸಾಲು ಅದು. ನನಗೆ ಈಗಲೂ ಸಂಕಟವಾಗುತ್ತದೆ.

ಎರಡೂ ಕ್ಯಾಂಪನುಲಾ ಕುಲದವೇ, ಅದಕ್ಕೇ ಮೋಸ ಸುಲಭ. ಹೇರ್‌ಬೆಲ್, ಅಂದರೆ ಕ್ಯಾಂಪನುಲಾ ರೊಟುಂಡಿಫೋಲಿಯಾ, ಆಲ್ಬರ್ಟಾದ ಹುಲ್ಲುಗಾವಲಲ್ಲಿ, ರಾಕಿ ಪರ್ವತದ ಕಲ್ಲುಸಂದಿಯಲ್ಲಿ ತಾನಾಗಿ ಬೆಳೆಯುವಂಥದ್ದು. ಇನ್ನೊಂದು ಕ್ಯಾಂಪನುಲಾ ರಾಪುನ್ಕುಲಾಯ್ಡಿಸ್, ಯುರೋಪಿನಿಂದ ತೋಟದ ಹೂವಾಗಿ ಬಂದದ್ದು. ಆಲ್ಬರ್ಟಾದ ಕಳೆ ಕಾನೂನಿನಲ್ಲಿ ಇದು ‘ನಾಕ್ಷಸ್’, ಅಂದರೆ ಹಾನಿಕರ ಕಳೆಗಳ, ಪಟ್ಟಿಯಲ್ಲಿದೆ. ನಿಮ್ಮ ಜಾಗದಲ್ಲಿ ಬಂದರೆ ಹತೋಟಿ ಮಾಡುವ ಹೊಣೆ ನಿಮ್ಮದೇ. ಮಾರಿದವರು ಆ ಹೊತ್ತಿಗೆ ಸಿಗುವುದಿಲ್ಲ.

ಹೂ ಬರುವವರೆಗೆ ಕಾಯಬೇಡಿ. ಹೇರ್‌ಬೆಲ್‌ನ ಬುಡದ ಎಲೆ ಚಿಕ್ಕದು, ದುಂಡಗೆ. ಹೂ ಬಿಡುವ ಹೊತ್ತಿಗೆ ಬಹಳಷ್ಟು ಒಣಗಿರುತ್ತದೆ. ಕಾಂಡದ ಎಲೆಯಂತೂ ದಾರದಷ್ಟು ಸಣ್ಣ. ಕ್ರೀಪಿಂಗ್‌ನ ಬುಡದೆಲೆ ದೊಡ್ಡದು, ಹೃದಯದಾಕಾರ, ಅಂಚಿಗೆ ಹಲ್ಲು, ಮುಟ್ಟಿದರೆ ಒರಟು. ಹೂ ಬಂದ ಮೇಲಂತೂ ಸಂಶಯವೇ ಬೇಡ: ಕ್ರೀಪಿಂಗ್‌ನಲ್ಲಿ ಉದ್ದ ಕಡ್ಡಿಯ ಒಂದೇ ಬದಿಗೆ ಸಾಲಾಗಿ ಜೋತಾಡುತ್ತವೆ, ಹೇರ್‌ಬೆಲ್‌ನಲ್ಲಿ ತೆಳುಕಡ್ಡಿಯ ತುದಿಗೆ ಕೆಲವೇ ಹೂ, ಗಿಡ ಮೊಣಕಾಲು ದಾಟುವುದು ಅಪರೂಪ.

ಈಗಾಗಲೇ ಬಂದಿದ್ದರೆ ಬರೀ ಕೀಳಬೇಡಿ. ಮೇಲೆ ಹರಿದಾಡುವ ತೆಳ್ಳನೆಯ ಬೇರು ಕೈಗೆ ಬರುತ್ತದೆ, ಆದರೆ ಕೆಳಗೆ ಮೂಲಂಗಿಯಂಥ ಬಿಳಿ ಗಡ್ಡೆ ಉಳಿದು ಮತ್ತೆ ಚಿಗುರುತ್ತದೆ. ಟಿಲ್ಲರ್ ಹೊಡೆಸಿದರಂತೂ ಒಂದೊಂದು ತುಂಡೂ ಹೊಸ ಗಿಡ. ಹುಲ್ಲುಹಾಸಿಗೆ ಹೊಡೆಯುವ ಸಾಮಾನ್ಯ ಕಳೆನಾಶಕ 2,4-ಡಿ ಇದರ ಮುಂದೆ ನಡೆಯುವುದಿಲ್ಲ. ಮಣ್ಣು ಹಸಿಯಿದ್ದಾಗ ಆಳವಾಗಿ ಅಗೆದು, ಗಡ್ಡೆಸಮೇತ ತೆಗೆದು, ಚೀಲ ಬಿಗಿದು ಕಸಕ್ಕೆ ಹಾಕಿ. ಮನೆಯ ಕಾಂಪೋಸ್ಟ್‌ಗೆ ಬೇಡವೇ ಬೇಡ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಹಾಗಾಗಿ ಅಗೆಯಲು ಪುರುಸೊತ್ತಿಲ್ಲದಿದ್ದರೆ ಹೂವಿನ ಕಡ್ಡಿಯನ್ನಾದರೂ ಕತ್ತರಿಸಿ.

ಇನ್ನೊಂದು ಮಾತು. ಕಳೆ ಕೀಳುವ ಸಿಟ್ಟಿನಲ್ಲಿ ದಾರದೆಲೆಯ ಆ ಪುಟ್ಟ ಗಿಡವನ್ನು ಕಿತ್ತುಬಿಡಬೇಡಿ, ಅದು ಇಲ್ಲಿಯದೇ.